ಎನ್ವಿರಾನ್‌ಮೆಂಟ್ ವೇರಿಯಬಲ್: ಮೌಲ್ಯ ಯಾವುದು ಎನ್ನುವುದಕ್ಕಿಂತ ಓದುವುದು ಯಾವಾಗ ಎನ್ನುವುದು ಮುಖ್ಯ

ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಒಂದೇ ತಂತ್ರಾಂಶವು ಬರೆದವರ ಲ್ಯಾಪ್‌ಟಾಪ್‌ನಲ್ಲಿ ಒಂದು ಡೇಟಾಬೇಸ್‌ಗೂ, ಟೆಸ್ಟ್ ನಡೆಯುವಾಗ ಇನ್ನೊಂದಕ್ಕೂ, ಬಳಕೆದಾರರ ಕೈಗೆ ಹೋದ ಮೇಲೆ ಮತ್ತೊಂದಕ್ಕೂ ಸಂಪರ್ಕ ಹೊಂದಬೇಕಾಗುತ್ತದೆ. ಹೀಗೆ ಬದಲಾಗುವ ವಿವರಗಳನ್ನು ಕೋಡ್‌ನಲ್ಲಿ ಬರೆಯದೆ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಾಗಿ, ಅಂದರೆ ಹೆಸರು ಮತ್ತು ಮೌಲ್ಯದ ಜೋಡಿಗಳಾಗಿ, ಹೊರಗಿನಿಂದ ಒದಗಿಸುವ ಪದ್ಧತಿ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ 1979ರ ಏಳನೆಯ ಆವೃತ್ತಿಯಷ್ಟು ಹಳೆಯದು. ಆದರೆ ಯುನಿಕ್ಸ್‌ನಲ್ಲಿ ಮೌಲ್ಯ ಪ್ರೋಗ್ರಾಂಗೆ ಸಿಗುವುದು ಅದು ಆರಂಭವಾಗುವ ಒಂದೇ ಗಳಿಗೆಯಲ್ಲಿ, ಜಾವಾಸ್ಕ್ರಿಪ್ಟ್‌ನಲ್ಲಿ ಹಾಗಲ್ಲ. ಸರ್ವರ್‌ನಲ್ಲಿ ಮೌಲ್ಯವನ್ನು ಓದುವುದು ಪ್ರೋಗ್ರಾಂ ಓಡುವಾಗ, ಬ್ರೌಸರ್‌ಗಾಗಿ ಸಿದ್ಧಪಡಿಸುವ ಕೋಡ್‌ನಲ್ಲಿ ಬಿಲ್ಡ್ ಮಾಡುವಾಗ (ಬರೆದ ಕೋಡನ್ನು ಬಿಡುಗಡೆಯ ಕಡತಗಳಾಗಿ ಕಟ್ಟುವಾಗ), ಟೆಸ್ಟ್‌ನಲ್ಲಿ ಬಹುತೇಕ ಮಾಡ್ಯೂಲ್ (ಕೋಡ್‌ನ ಒಂದು ಕಡತ) ಲೋಡ್ ಆಗುವಾಗ. ಈ ವಿಷಯದಲ್ಲಿ ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವು ಈ ಮೂರು ಗಳಿಗೆಗಳನ್ನು ಒಂದೇ ಎಂದು ಭಾವಿಸುವುದರಿಂದ ಹುಟ್ಟಿದವು.

ಹಂತ 1: ವಿಂಗಡಿಸಿ

ಯೋಜನೆಯಲ್ಲಿರುವ ಎಲ್ಲ ವೇರಿಯಬಲ್‌ಗಳ ಹೆಸರನ್ನು ಬರೆದುಕೊಂಡು, ಪ್ರತಿಯೊಂದನ್ನೂ ಯಾರು ಓದುತ್ತಾರೆ ಮತ್ತು ಅದು ಬೇರೆಯವರ ಕಣ್ಣಿಗೆ ಬಿದ್ದರೆ ಏನಾಗುತ್ತದೆ ಎಂದು ಗುರುತು ಹಾಕಿ. ಡೇಟಾಬೇಸ್‌ನ ಪಾಸ್‌ವರ್ಡ್ ಸರ್ವರ್‌ಗೆ ಮಾತ್ರ ಸೇರಿದ ಗುಟ್ಟು. ಎಪಿಐ ವಿಳಾಸ, ಅಂದರೆ ಆ್ಯಪ್ ಮಾಹಿತಿ ಕೇಳುವ ಸರ್ವರ್‌ನ ವಿಳಾಸ, ಬ್ರೌಸರ್‌ಗೂ ಬೇಕು, ಅದನ್ನು ಮುಚ್ಚಿಡಲು ಸಾಧ್ಯವೂ ಇಲ್ಲ.

ಹಂತ 2: ಡಾಟ್ ಎನ್ವ್ ಕಡತ

ಸ್ಥಳೀಯ ಮೌಲ್ಯಗಳನ್ನು ಡಾಟ್ ಎನ್ವ್ ಕಡತದಲ್ಲಿಟ್ಟು, ಆ ಕಡತದ ಹೆಸರನ್ನು ಗಿಟ್ ಇಗ್ನೋರ್ ಪಟ್ಟಿಗೆ (ಕೋಡ್‌ನ ಇತಿಹಾಸ ಕಾಪಾಡುವ ಗಿಟ್ ಬಿಟ್ಟುಬಿಡಬೇಕಾದ ಕಡತಗಳ ಪಟ್ಟಿ) ಸೇರಿಸಬೇಕು. ಜೊತೆಗೆ, ಹೆಸರುಗಳು ಮಾತ್ರ ಇದ್ದು ಮೌಲ್ಯಗಳು ಖಾಲಿ ಇರುವ ಮಾದರಿ ಕಡತವೊಂದನ್ನು ಗಿಟ್‌ಗೆ ಸೇರಿಸಿದರೆ ಹೊಸದಾಗಿ ಬಂದವರಿಗೆ ಏನೇನು ತುಂಬಬೇಕೆಂದು ತಿಳಿಯುತ್ತದೆ. ಗುಟ್ಟಿನ ಕೀಲಿ ಒಮ್ಮೆ ಕಮಿಟ್ ಆಗಿ ಹೊರಗೆ ಹೋಯಿತೆಂದರೆ, ಮುಂದಿನ ಕಮಿಟ್‌ನಲ್ಲಿ ಅಳಿಸಿ ಪ್ರಯೋಜನವಿಲ್ಲ. ಅದು ಇತಿಹಾಸದಲ್ಲಿ ಉಳಿದೇ ಇರುತ್ತದೆ, ಆದ್ದರಿಂದ ಕೀಲಿಯನ್ನೇ ಬದಲಾಯಿಸಬೇಕು.

ಜಾವಾಸ್ಕ್ರಿಪ್ಟನ್ನು ಬ್ರೌಸರ್‌ನ ಹೊರಗೆ ಓಡಿಸುವ ನೋಡ್‌ನಲ್ಲಿ, 20.6ನೆಯ ಆವೃತ್ತಿಯಿಂದ ಈಚೆಗೆ, ‘ಎನ್ವ್ ಫೈಲ್’ ಎಂಬ ಆಯ್ಕೆಯ ಮೂಲಕ ಕಡತವನ್ನು ನೇರವಾಗಿ ಓದಿಸಬಹುದು. ಅದಕ್ಕೂ ಹಿಂದಿನ ಆವೃತ್ತಿಗಳಿಗೆ ಡಾಟ್‌ಎನ್ವ್ ಎಂಬ ಪ್ಯಾಕೇಜ್ ಇದೆ. ಎರಡರಲ್ಲೂ ಒಂದು ನಿಯಮ ಸಮಾನ: ಟರ್ಮಿನಲ್‌ನಲ್ಲಿ ಮೊದಲೇ ಮೌಲ್ಯವಿದ್ದರೆ ಕಡತದ ಮೌಲ್ಯ ಅದರ ಮೇಲೆ ಕೂರುವುದಿಲ್ಲ. ಕಡತವನ್ನು ಎಷ್ಟು ತಿದ್ದಿದರೂ ಫಲಿತಾಂಶ ಬದಲಾಗದಿದ್ದರೆ ಮೊದಲು ನೋಡಬೇಕಾದದ್ದು ಟರ್ಮಿನಲ್ಲನ್ನು.

ಹಂತ 3: ಒಂದೇ ಬಾಗಿಲು

ವೇರಿಯಬಲ್‌ಗಳನ್ನು ಕೋಡ್‌ನ ಎಲ್ಲೆಡೆ ನೇರವಾಗಿ ಓದದೆ, ಕಾನ್ಫಿಗ್ ಎಂಬ ಒಂದೇ ಮಾಡ್ಯೂಲ್‌ನಲ್ಲಿ ಓದಿ, ಪರಿಶೀಲಿಸಿ, ಸರಿಯಾದ ಪ್ರಕಾರಕ್ಕೆ ಬದಲಾಯಿಸಿ ಹೊರಗೆ ಕೊಡಿ. ಇದು ಬರಿಯ ಅಚ್ಚುಕಟ್ಟಿನ ಮಾತಲ್ಲ. ನೋಡ್‌ನಲ್ಲಿ ಈ ಮೌಲ್ಯಗಳೆಲ್ಲವೂ ಸ್ಟ್ರಿಂಗ್‌ಗಳು, ಅಂದರೆ ಬರಿಯ ಅಕ್ಷರಗಳ ಸಾಲುಗಳು. ‘ಫಾಲ್ಸ್’ (ಸುಳ್ಳು) ಎಂದು ಬರೆದರೂ ಅದು ಇಂಗ್ಲಿಷಿನ ಐದು ಅಕ್ಷರಗಳ ಸ್ಟ್ರಿಂಗ್ ಆಗಿರುವುದರಿಂದ ಇಫ್ ಷರತ್ತಿನಲ್ಲಿ ನಿಜವೆಂದೇ ಪರಿಗಣಿತವಾಗುತ್ತದೆ. ಈ ಲೇಖಕನೇ ಒಮ್ಮೆ, ‘ಫಾಲ್ಸ್’ ಎಂದು ಬರೆದು ನಿಲ್ಲಿಸಿದ್ದ ಸೌಲಭ್ಯವೊಂದು ಏಕೆ ಓಡುತ್ತಲೇ ಇದೆ ಎಂದು ಅರ್ಧ ದಿನ ಹುಡುಕಿದ್ದುಂಟು. ಬೇಕಾದ ಮೌಲ್ಯ ಇಲ್ಲದಿದ್ದರೆ ಪ್ರೋಗ್ರಾಂ ಆರಂಭದಲ್ಲೇ, ವೇರಿಯಬಲ್‌ನ ಹೆಸರನ್ನು ಸ್ಪಷ್ಟವಾಗಿ ತಿಳಿಸಿ, ನಿಂತುಬಿಡುವುದು ಲೇಸು.

ಹಂತ 4: ಟೆಸ್ಟ್‌ಗಳಲ್ಲಿ ಬಳಕೆ

ಪ್ರೋಗ್ರಾಂ ಯಾವ ಸನ್ನಿವೇಶದಲ್ಲಿ ಓಡುತ್ತಿದೆ ಎಂದು ಸೂಚಿಸುವ ನೋಡ್ ಎನ್ವ್ ವೇರಿಯಬಲ್‌ಗೆ ಮೌಲ್ಯ ಇಲ್ಲದಿದ್ದರೆ, ಟೆಸ್ಟ್ ಓಡಿಸುವ ಸಾಧನಗಳಾದ ಜೆಸ್ಟ್ ಮತ್ತು ವೈಟೆಸ್ಟ್ ಎರಡೂ ಅದಕ್ಕೆ ‘ಟೆಸ್ಟ್’ ಎಂಬ ಮೌಲ್ಯವನ್ನು ತಾವೇ ಕೊಡುತ್ತವೆ. ಉಳಿದ ವೇರಿಯಬಲ್‌ಗಳ ಹೊಣೆ ನಮ್ಮದು. ಎಲ್ಲ ಟೆಸ್ಟ್‌ಗಳಿಗೂ ಬೇಕಾದವನ್ನು ಸೆಟಪ್ ಕಡತದಲ್ಲಿ ಕೊಡಿ. ಆ ಕಡತವು ಟೆಸ್ಟ್ ಕಡತಕ್ಕಿಂತ ಮೊದಲೇ ಓಡುತ್ತದೆ.

ಒಂದು ಟೆಸ್ಟ್‌ಗೆ ಮಾತ್ರ ಬೇರೆ ಮೌಲ್ಯ ಬೇಕಾದಾಗ ಹೆಚ್ಚಿನವರು ಎಡವುತ್ತಾರೆ. ಕಾನ್ಫಿಗ್ ಮಾಡ್ಯೂಲನ್ನು ಕಡತದ ತಲೆಯಲ್ಲಿ ಇಂಪೋರ್ಟ್ ಮಾಡಿ, ಆಮೇಲೆ ಟೆಸ್ಟ್‌ನೊಳಗೆ ವೇರಿಯಬಲ್ ಬದಲಿಸಿದರೆ ಏನೂ ಆಗದು, ಏಕೆಂದರೆ ಮಾಡ್ಯೂಲ್ ಹಳೆಯ ಮೌಲ್ಯವನ್ನು ಆಗಲೇ ಓದಿ ಮುಗಿಸಿದೆ. ಇಂಪೋರ್ಟ್ ವಾಕ್ಯವನ್ನು ಕೆಳಗಿನ ಸಾಲಿಗೆ ಇಳಿಸಿದರೂ ಉಪಯೋಗವಿಲ್ಲ. ಇಂಪೋರ್ಟ್‌ಗಳು ಎಲ್ಲೇ ಇದ್ದರೂ ಮೊದಲು ನಡೆಯುತ್ತವೆ. ಆದ್ದರಿಂದ ಕ್ರಮ ಹೀಗಿರಬೇಕು: ಮೊದಲು ಮಾಡ್ಯೂಲ್‌ಗಳ ಸಂಗ್ರಹವನ್ನು ತೆರವುಗೊಳಿಸಿ (ಜೆಸ್ಟ್‌ನಲ್ಲೂ ವೈಟೆಸ್ಟ್‌ನಲ್ಲೂ ಇದಕ್ಕೆ ರೀಸೆಟ್ ಮಾಡ್ಯೂಲ್ಸ್ ಎಂಬ ಫಂಕ್ಷನ್ ಇದೆ), ಬಳಿಕ ಮೌಲ್ಯವನ್ನು ಬದಲಿಸಿ, ಕೊನೆಗೆ ಟೆಸ್ಟ್‌ನೊಳಗೇ ಮಾಡ್ಯೂಲನ್ನು ಹೊಸದಾಗಿ ಲೋಡ್ ಮಾಡಿ. ಇದಕ್ಕಿಂತ ಸರಳವಾದ ದಾರಿಯೂ ಇದೆ: ಕಾನ್ಫಿಗ್ ತಯಾರಿಸುವ ಕೆಲಸವನ್ನು ಒಂದು ಫಂಕ್ಷನ್ ಆಗಿ ಬರೆದು, ಎನ್ವಿರಾನ್‌ಮೆಂಟನ್ನು ಅದಕ್ಕೆ ಆರ್ಗ್ಯುಮೆಂಟ್ ಆಗಿ ಕೊಡುವುದು. ಆಗ ಟೆಸ್ಟ್ ಒಂದು ಸಾಧಾರಣ ಆಬ್ಜೆಕ್ಟನ್ನು ಕೊಟ್ಟು ಫಲಿತಾಂಶ ನೋಡಬಹುದು. ನನ್ನ ಒಲವು ಇದರ ಕಡೆಗೇ.

ಬದಲಿಸಿದ್ದನ್ನು ಮೊದಲಿನಂತೆ ಮಾಡುವುದನ್ನು ಮರೆಯಬಾರದು. ಮರೆತರೆ ಅದೇ ಕಡತದ ಮುಂದಿನ ಟೆಸ್ಟ್ ಕಾರಣವಿಲ್ಲದೆ ಬೀಳುತ್ತದೆ. ವೈಟೆಸ್ಟ್‌ನಲ್ಲಿ ಬದಲಿಸಲು ಸ್ಟಬ್ ಎನ್ವ್, ಎಲ್ಲವನ್ನೂ ಮರಳಿಸಲು ಅನ್‌ಸ್ಟಬ್ ಆಲ್ ಎನ್ವ್ಸ್ ಎಂಬ ಫಂಕ್ಷನ್‌ಗಳಿವೆ. ಜೆಸ್ಟ್‌ನಲ್ಲಿ ಹಳೆಯ ಪ್ರತಿಯನ್ನು ನಾವೇ ಇಟ್ಟುಕೊಂಡು ಪ್ರತಿ ಟೆಸ್ಟ್ ಮುಗಿದ ಮೇಲೆ ಮರಳಿಸಬೇಕು. ವೇರಿಯಬಲ್ಲನ್ನು ಇಲ್ಲವಾಗಿಸಲು ಅನ್‌ಡಿಫೈನ್ಡ್ ಎಂದು ಕೊಡಬೇಡಿ; ನೋಡ್ ಅದನ್ನೂ ಸ್ಟ್ರಿಂಗ್ ಮಾಡಿಬಿಡುತ್ತದೆ. ಡಿಲೀಟ್ ಬಳಸಿ. ಕಾಲವಲಯವನ್ನು ಸೂಚಿಸುವ ಟಿಝಡ್ ವೇರಿಯಬಲ್ಲನ್ನಂತೂ ಟೆಸ್ಟ್ ಆರಂಭಿಸುವ ಆಜ್ಞೆಯಲ್ಲೇ ಕೊಡುವುದು ಕ್ಷೇಮ.

ಹಂತ 5: ಬಿಲ್ಡ್

ಬ್ರೌಸರ್‌ನಲ್ಲಿ ಎನ್ವಿರಾನ್‌ಮೆಂಟ್ ಎಂಬುದೇ ಇಲ್ಲ. ಬಿಲ್ಡ್ ಸಾಧನಗಳಲ್ಲಿ ವೆಬ್‌ಪ್ಯಾಕ್‌ನ ಡಿಫೈನ್ ಪ್ಲಗಿನ್ ಆಗಲಿ, ವೀಟ್ ಆಗಲಿ ಮಾಡುವುದು ಇಷ್ಟೆ: ಕೋಡ್‌ನಲ್ಲಿ ವೇರಿಯಬಲ್‌ನ ಹೆಸರು ಕಂಡಲ್ಲಿ ಬಿಲ್ಡ್ ಹೊತ್ತಿನ ಮೌಲ್ಯವನ್ನು ಬರೆದುಬಿಡುವುದು. ಡಿಫೈನ್ ಪ್ಲಗಿನ್‌ಗೆ ಕೊಟ್ಟ ಸ್ಟ್ರಿಂಗ್ ಕೋಡ್ ಎಂದೇ ಪರಿಗಣಿತವಾಗುವುದರಿಂದ ಮೌಲ್ಯವನ್ನು ಉದ್ಧರಣ ಚಿಹ್ನೆಗಳೊಳಗೆ ಇಡುವ ಜೇಸನ್ ಸ್ಟ್ರಿಂಗಿಫೈ ಮೂಲಕ ಹಾಯಿಸಬೇಕು. ನೆಕ್ಸ್ಟ್ ಜೆಎಸ್ ಎಂಬ ವೆಬ್ ಚೌಕಟ್ಟಿನಲ್ಲಿ ವೇರಿಯಬಲ್‌ನ ಹೆಸರನ್ನು ಇನ್ನೊಂದು ವೇರಿಯಬಲ್‌ನಲ್ಲಿಟ್ಟು ಓದಿದರೆ ಈ ಬದಲಾವಣೆ ನಡೆಯುವುದಿಲ್ಲ, ಏಕೆಂದರೆ ಹುಡುಕಲು ಅಲ್ಲಿ ಪೂರ್ಣ ಹೆಸರೇ ಇರುವುದಿಲ್ಲ.

ಗುಟ್ಟುಗಳು ಅಕಸ್ಮಾತ್ ಹೊರಬೀಳದಿರಲೆಂದು ವೀಟ್‌ನಲ್ಲಿ ‘ವೀಟ್’, ನೆಕ್ಸ್ಟ್ ಜೆಎಸ್‌ನಲ್ಲಿ ‘ನೆಕ್ಸ್ಟ್ ಪಬ್ಲಿಕ್’ ಎಂದು ಆರಂಭವಾಗುವ ಹೆಸರುಗಳು ಮಾತ್ರ ಬ್ರೌಸರ್ ಕೋಡ್‌ಗೆ ತಲುಪುತ್ತವೆ. ‘ಮೌಲ್ಯ ಸಿಗುತ್ತಿಲ್ಲ’ ಎಂದು ಪಾಸ್‌ವರ್ಡ್‌ನ ಹೆಸರಿಗೂ ಈ ಪೂರ್ವಪದ ಹಚ್ಚುವುದು ಬೀಗ ತೆಗೆದು ಬಾಗಿಲು ತೆರೆದಿಟ್ಟಂತೆ.

ನೋಡ್ ಎನ್ವ್ ಬಗ್ಗೆ ಎರಡು ಎಚ್ಚರಿಕೆಗಳು. ವೆಬ್‌ಪ್ಯಾಕ್‌ಗೆ ಪ್ರೊಡಕ್ಷನ್ ಮೋಡ್ ಕೊಟ್ಟರೆ ಬಂಡಲ್‌ನೊಳಗಿನ (ಬಿಲ್ಡ್‌ನಿಂದ ಸಿದ್ಧವಾದ ಕೋಡ್‌ನೊಳಗಿನ) ಮೌಲ್ಯ ಬದಲಾಗುತ್ತದೆಯೇ ಹೊರತು, ವೆಬ್‌ಪ್ಯಾಕ್‌ನ ಸ್ವಂತ ಕಾನ್ಫಿಗ್ ಕಡತಕ್ಕೆ ಅದು ಕಾಣುವುದಿಲ್ಲ. ಇನ್ನೊಂದು, ಬಿಲ್ಡ್ ಸರ್ವರ್‌ನಲ್ಲಿ ಇದಕ್ಕೆ ಮೊದಲೇ ‘ಪ್ರೊಡಕ್ಷನ್’ ಎಂದು ಕೊಟ್ಟರೆ ಪ್ಯಾಕೇಜ್‌ಗಳನ್ನು ತರುವ ಎನ್‌ಪಿಎಂ, ಡೆವ್ ಡಿಪೆಂಡೆನ್ಸಿಗಳನ್ನು (ಅಭಿವೃದ್ಧಿಗೆ ಮಾತ್ರ ಬೇಕೆಂದು ಪಟ್ಟಿ ಮಾಡಿದ ಪ್ಯಾಕೇಜ್‌ಗಳನ್ನು) ಇನ್‌ಸ್ಟಾಲ್ ಮಾಡುವುದಿಲ್ಲ; ಬಿಲ್ಡ್ ಸಾಧನಗಳು ಆ ಪಟ್ಟಿಯಲ್ಲೇ ಇದ್ದರೆ ಬಿಲ್ಡ್ ನಿಂತುಹೋಗುತ್ತದೆ.

ಹಂತ 6: ಬಿಡುಗಡೆಗೆ ಮುನ್ನ

ಸಿದ್ಧವಾದ ಬಂಡಲ್‌ನಲ್ಲಿ ನಿಮ್ಮ ಗುಟ್ಟಿನ ಕೀಲಿಗಳ ಒಂದು ತುಣುಕನ್ನು ಗ್ರೆಪ್ ಎಂಬ ಟರ್ಮಿನಲ್ ಆಜ್ಞೆಯಿಂದ ಹುಡುಕಿ. ಸಿಕ್ಕರೆ ಬಿಡುಗಡೆಯನ್ನು ತಡೆದು ವೇರಿಯಬಲ್‌ನ ಹೆಸರನ್ನೂ ಅದನ್ನು ಓದುವ ಜಾಗವನ್ನೂ ಸರಿಪಡಿಸಿ. ಪರೀಕ್ಷಾ ಸರ್ವರ್‌ನಲ್ಲಿ ಒಪ್ಪಿದ ಬಂಡಲನ್ನೇ ಮುಖ್ಯ ಸರ್ವರ್‌ಗೂ ಕಳಿಸುವ ಉದ್ದೇಶವಿದ್ದರೆ, ಎಪಿಐ ವಿಳಾಸದಂತಹ ಮೌಲ್ಯಗಳನ್ನು ಬಿಲ್ಡ್‌ನಿಂದ ಹೊರತೆಗೆದು, ಪುಟ ತೆರೆದಾಗ ಲೋಡ್ ಆಗುವ ಪುಟ್ಟ ಜೇಸನ್ ಕಡತದಲ್ಲಿಡಬೇಕಾಗುತ್ತದೆ. ಎಲ್ಲ ಓದುವಿಕೆಯೂ ಕಾನ್ಫಿಗ್ ಮಾಡ್ಯೂಲ್ ಒಂದರಲ್ಲೇ ಇದ್ದರೆ ಈ ಬದಲಾವಣೆ ಮುಖ್ಯವಾಗಿ ಆ ಮಾಡ್ಯೂಲ್ ಮತ್ತು ಆ್ಯಪ್ ಆರಂಭವಾಗುವ ಕಡತಕ್ಕೆ ಸೀಮಿತವಾಗುತ್ತದೆ.