ಶರಾಕು ನಕಲು ಮಾಡೋಕೆ ಹೋಗಿ ಹೀಟರ್ ಆಫ್ ಮಾಡಿ ಕೂತ ಕಥೆ

ಟೋಕಿಯೋಗೆ ಕೆಲಸಕ್ಕೆ ಬಂದ ಎರಡನೇ ವರ್ಷ ಶನಿವಾರದ ಮರದಚ್ಚು ಕ್ಲಾಸಿಗೆ ಸೇರ್ಕೊಂಡೆ. ಎಲ್ರೂ ಮೊದ್ಲು ಹೂವೋ ಮೀನೋ ಮಾಡ್ತಾರೆ, ನಾನು ಹಠ ಹಿಡಿದು ಜಪಾನಿನ ಹಳೇ ಮರದಚ್ಚು ಕಲಾವಿದ ಶರಾಕುದೇ ಬೇಕು ಅಂದೆ. ಅದೇ, 1794ರಲ್ಲಿ ಬಂದ, ಮೂರನೇ ಓತಾನಿ ಓನಿಜಿ ಅನ್ನೋ ಕಬುಕಿ (ಜಪಾನಿನ ಸಾಂಪ್ರದಾಯಿಕ ನಾಟಕ) ನಟ ಎದೊಬೇಯಿ ಅನ್ನೋ ಪಾತ್ರದ ವೇಷದಲ್ಲಿರೋ ಪ್ರಿಂಟು. ದುಡ್ಡು ಕಿತ್ಕೊಳ್ಳೋಕೆ ಗದ್ದ ಮುಂದಕ್ಕೆ ಚಾಚಿ, ಬೆರಳು ಅಗಲಿಸಿ ನಿಂತಿರ್ತಾನಲ್ಲ, ಅವ್ನು.

ಹಳೇ ಕಾಲದಲ್ಲಿ ಚೆರಿ ಮರದ ಹಲಗೆ, ನಮಗೆ ಕೊಟ್ಟಿದ್ದು ಶಿನಾ ಅನ್ನೋ ಮರದ ಪ್ಲೈವುಡ್. ತೆಳು ಕಾಗದದ ಚಿತ್ರನ ಬೋರಲು ಹಾಕಿ ಹಲಗೆಗೆ ಅಂಟಿಸಿ, ಹಿಂದಿನ ಪದರ ಬೆರಳಲ್ಲೇ ಉಜ್ಜಿ ತೆಗೆದು ಚೂರು ಎಣ್ಣೆ ಸವರಿದ್ರೆ ಗೆರೆ ಕಾಣುತ್ತೆ, ಆಮೇಲೆ ಗೆರೆ ಉಳಿಸಿ ಎರಡೂ ಕಡೆ ಕೆತ್ತಬೇಕು. ಮುಖ ಬೇಗ ಮುಗೀತು, ಯಾಕಂದ್ರೆ ಅದ್ರಲ್ಲಿ ಗೆರೆಗಳೇ ಕಮ್ಮಿ. ಕಪಾಲದ ಹತ್ರದ ಕೂದಲೆಳೆ ಮಾತ್ರ ಎರಡು ಸಲ ಮುರೀತು. ಹಿಂದೆ ತಲೆಕೂದಲು ಕೆತ್ತೋದು ಹಿರಿಯ ಕೆತ್ತನೆಗಾರರ ಕೆಲಸ, ಬಟ್ಟೆಬರೆ ಶಿಷ್ಯಂದಿರಿಗೆ ಬಿಡ್ತಿದ್ರು ಅಂತ ಸೆನ್ಸೇಯಿ (ನಮ್ಮ ಕ್ಲಾಸಿನ ಗುರುಗಳು) ಆಮೇಲೆ ಹೇಳಿದ್ರು, ಮೊದ್ಲೇ ಹೇಳಿದ್ರೆ ನಾನೂ ಮೀನೇ ಮಾಡ್ತಿದ್ನೇನೋ.

ನಿಜವಾದ ಪೇಚಾಟ ಶುರುವಾಗಿದ್ದು ಅಚ್ಚು ಹಾಕುವಾಗ. ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ, ಪ್ರತಿ ಹಲಗೇಲೂ ಕೆಂತೋ ಅಂತ ಎರಡು ಗುರುತು, ಒಂದು ಮೂಲೆಗೆ, ಒಂದು ಅಂಚಿಗೆ, ಕಾಗದನ ಅದಕ್ಕೆ ತಾಗಿಸಿ ಇಡಬೇಕು. ಬಣ್ಣದ ಜೊತೆ ಅಕ್ಕಿ ಗಂಜಿ ಸೇರಿಸಿ ಬ್ರಷ್‌ನಲ್ಲಿ ಹರಡಿ (ಅಮ್ಮ ಸೀರೆಗೆ ಹಾಕೋ ಗಂಜಿಗಿಂತ ಗಟ್ಟಿ), ಬಿದಿರಿನ ಪೊರೆ ಸುತ್ತಿದ ಬರೆನ್ ಅನ್ನೋ ದುಂಡನೆ ಉಜ್ಜುಬಿಲ್ಲೇಲಿ ಕಾಗದದ ಹಿಂದಿನಿಂದ ಉಜ್ಜೋದು. ಜನವರಿ ಚಳಿ, ಮನೇಲಿ ಹೀಟರ್ ಹಾಕ್ಕೊಂಡು ಆರಾಮಾಗಿ 20 ಹಾಳೆ ಹಾಕ್ತಾ ಕೂತೆ. ಕಪ್ಪು ಸೂಪರ್, ಎರಡನೇ ಬಣ್ಣ ಪರ್ವಾಗಿಲ್ಲ, ಮೂರನೇದು ಕೆಂಪು, ಕತ್ತುಪಟ್ಟಿ ಬಿಟ್ಟು ಗದ್ದಕ್ಕೆ ಹತ್ತಿತ್ತು! ಕೆಂತೋ ತಪ್ಪು ಕೆತ್ತಿದೀನಿ ಅನ್ಕೊಂಡು ಅದನ್ನೇ ಕೆರೆದು ಇನ್ನೂ ಹಾಳು ಮಾಡ್ದೆ. ಆಮೇಲೆ ಗೊತ್ತಾಯ್ತು, ಒದ್ದೆ ವಾಶಿ (ಜಪಾನಿನ ಸಾಂಪ್ರದಾಯಿಕ ಕಾಗದ) ಹೀಟರ್ ಶಾಖಕ್ಕೆ ಒಣಗಿ ಕುಗ್ಗಿಬಿಟ್ಟಿದೆ, ಒಂದು ಮಿಲಿಮೀಟರ್ ಸಾಕು ಕೆಡೋಕೆ.

ಎರಡನೇ ಸಲ ಹಿಂದಿನ ರಾತ್ರೀನೇ ಕಾಗದ ತೇವ ಮಾಡಿ ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟೆ, ಹೀಟರ್ ಆಫ್, ಜಾಕೆಟ್ ಹಾಕ್ಕೊಂಡು ಕೂತು ಒಂದೊಂದೇ ಹಾಳೆ ತೆಗೆದು ಅಚ್ಚು ಹಾಕಿ ತಕ್ಷಣ ವಾಪಸ್ ಒಳಗೆ. 20ರಲ್ಲಿ ಆರು ಚೆನ್ನಾಗಿ ಬಂತು.

ಹಿನ್ನೆಲೆ ಇನ್ನೂ ಬಾಕಿ ಇದೆ. ಮೂಲದಲ್ಲಿ ಮಿನುಗೋ ಕಪ್ಪು ಅಭ್ರಕ, ಪ್ರಕಾಶಕ ತ್ಸುತಾಯಾ ಜೂಜಾಬುರೋ ಶರಾಕು ಮೊದಲ ಕಂತಿನ 28 ಪ್ರಿಂಟಿಗೂ ಅದನ್ನೇ ಹಾಕಿಸಿದ್ದ, ಖರ್ಚಿಗೆ ಹಿಂದೆಮುಂದೆ ನೋಡಿರ್ಲಿಲ್ಲ ಅನ್ಸುತ್ತೆ. ನಾನು ಒಂದು ಹಾಳೆಗೆ ಅಂಟಲ್ಲಿ ಅಭ್ರಕದ ಪುಡಿ ಕಲಸಿ ಟ್ರೈ ಮಾಡ್ದೆ, ಒಣಗಿದ ಮೇಲೆ ಮುಟ್ಟಿದ್ರೆ ಎಲ್ಲಾ ಬೆರಳಿಗೇ ಬಂತು. ಉಳಿದಿರೋದು ಐದು.