ಬಾಟಲಿಯಿಂದ ಬಟ್ಟಲಿಗೆ

ತಾಯಿ ಇಲ್ಲದ ಬೆಕ್ಕಿನ ಮರಿಗೆ ಬಾಟಲಿ ಹಾಲು ಕುಡಿಸಿ ಉಳಿಸಿಕೊಳ್ಳುವುದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಆ ಬಾಟಲಿ ಬಿಡಿಸುವ ವಿಷಯ ಬಂದರೆ ಮಾತ್ರ "ಹಸಿವಾದರೆ ತಾನೇ ತಿನ್ನುತ್ತೆ ಬಿಡಿ" ಅಂದುಬಿಡುತ್ತಾರೆ. ಬಯಲುಸೀಮೆಯಲ್ಲಿ ಅದು ನಡೆಯುತ್ತದೋ ಏನೋ. ಕೊಡಗಿನ ಮಾದಾಪುರದ ಹತ್ತಿರದ ನಮ್ಮ ತೋಟದ ಮನೆಯಲ್ಲಿ, ಅದೂ ಕಕ್ಕಡ ತಿಂಗಳ ಜಡಿಮಳೆಯಲ್ಲಿ, ಹಾಗೆ ಬಿಟ್ಟು ಕೂರುವ ಧೈರ್ಯ ನನಗಿರಲಿಲ್ಲ.

ನಮ್ಮ ಮರಿ ಚಿಕ್ಕಿ ಸಿಕ್ಕಿದ್ದು ಕಾಫಿ ಗೋದಾಮಿನ ಗೋಣಿಚೀಲಗಳ ಹಿಂದೆ. ತಾಯಿ ರಸ್ತೆಯಲ್ಲಿ ಜೀಪಿನಡಿಗೆ ಸಿಕ್ಕಿ ಹೋಗಿತ್ತು. ಮನೆಯಲ್ಲಿ ಆಗಲೇ ಎರಡು ನಾಯಿಗಳಿದ್ದವು. ಹಾಗಾಗಿ ಸಾಕಿ ದೊಡ್ಡದು ಮಾಡಿ ಯಾರಿಗಾದರೂ ಕೊಡುವುದು ಅಂತ ಮೊದಲೇ ಮಾತಾಗಿತ್ತು. ಕುಶಾಲನಗರದಿಂದ ಬೆಕ್ಕಿನ ಮರಿಗಳ ಹಾಲಿನ ಪುಡಿ ತರಿಸಿದೆವು. ಕೊಟ್ಟಿಗೆಯಲ್ಲಿ ಹಸು ಇದೆ, ಆದರೂ ಆ ಹಾಲು ಕೊಡಲಿಲ್ಲ. ಅದರಲ್ಲಿ ಲ್ಯಾಕ್ಟೋಸ್ ಅನ್ನುವ ಹಾಲಿನ ಸಕ್ಕರೆ ಜಾಸ್ತಿ, ಮರಿಗೆ ಬೇಕಾದಷ್ಟು ಪ್ರೋಟೀನ್, ಕೊಬ್ಬು ಇರುವುದಿಲ್ಲ. ಭೇದಿ ಹತ್ತಿದರೆ ಅಂಗೈಯಗಲದ ಮೈ ಒಣಗಿಹೋಗಲು ಜಾಸ್ತಿ ಹೊತ್ತು ಬೇಡ.

ಬಿಡಿಸುವುದಕ್ಕೆ ಯಾವಾಗ ಶುರು ಮಾಡಬೇಕು? ಸಾಮಾನ್ಯವಾಗಿ 4 ವಾರದ ಆಸುಪಾಸು ಅನ್ನುತ್ತಾರೆ. ನಮ್ಮದು ಹುಟ್ಟಿದ ದಿನ ಗೊತ್ತಿಲ್ಲದ ಮರಿ, ಕ್ಯಾಲೆಂಡರ್ ನೋಡಿ ಪ್ರಯೋಜನ ಇಲ್ಲ. ನಾನು ನೋಡಿದ್ದು ಕಿವಿ. ಬೆಕ್ಕಿನ ಮರಿ ಮನಸ್ಸಿಟ್ಟು ಹಾಲು ಹೀರುವಾಗ ಪ್ರತಿ ಗುಟುಕಿಗೂ ಅದರ ಕಿವಿ ಹಿಂದೆ ಮುಂದೆ ಅಲ್ಲಾಡುತ್ತದೆ. ಒಂದು ಸಂಜೆ ಚಿಕ್ಕಿಯ ಕಿವಿ ಅಲ್ಲಾಡಲಿಲ್ಲ. ತಲೆ ಓರೆ ಮಾಡಿ ನಿಪ್ಪಲನ್ನು ಬಾಯಿಯ ಪಕ್ಕಕ್ಕೆ ತಳ್ಳಿ ಕಚಕಚ ಅಗಿಯುತ್ತಿತ್ತು. ಬೆರಳು ಹಾಕಿ ನೋಡಿದರೆ ದವಡೆ ಹಲ್ಲಿನ ಮೊನೆ ತಾಗಿತು. ಮುಂದಿನ ಸಣ್ಣ ಹಲ್ಲುಗಳು ಮೊದಲೇ ಬರುತ್ತವೆ, ಅವನ್ನು ನೋಡಿ ಅವಸರ ಪಡಬಾರದು. ಈ ಅಗಿಯುವುದು ಶುರುವಾದರೆ ಹೊತ್ತು ಬಂತು ಅಂತ. ಆಮೇಲೆ ಪ್ರತಿ ಸಲ ನಿಪ್ಪಲ್ ಪರೀಕ್ಷಿಸಿಯೇ ಬಾಯಿಗೆ ಕೊಡಬೇಕು, ರಬ್ಬರ್ ತುಂಡು ಹೊಟ್ಟೆಗೆ ಹೋದರೆ ದೊಡ್ಡ ತಲೆನೋವು.

ಮೊದಲು ಬೆರಳು. ಕಲಸಿದ ಹಾಲಿಗೆ ಕಿಟನ್ ವೆಟ್ ಫುಡ್ ಪೌಚಿನಿಂದ ಒಂದು ಚಮಚ ತೆಗೆದು ಚೆನ್ನಾಗಿ ಕಿವುಚಿ, ತೆಳ್ಳಗಿನ ಗಂಜಿಯ ಹದಕ್ಕೆ ತಂದು, ಬೆರಳಿಗೆ ಹಚ್ಚಿ ಮೂತಿಯ ಹತ್ತಿರ ಹಿಡಿದೆ. ನೆಕ್ಕಿತು. ಬೆರಳನ್ನು ಸ್ವಲ್ಪ ಸ್ವಲ್ಪವೇ ಕೆಳಗಿಳಿಸಿ ತಟ್ಟೆಗೆ ತಂದೆ. ಕೆಲವರು ಮೂತಿಯನ್ನೇ ತಟ್ಟೆಗೆ ಅದ್ದುತ್ತಾರೆ. ಅದು ಬೇಡ. ಮೂಗಿನೊಳಗೆ ಹೋಗಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

ಇಲ್ಲಿಂದ ಮುಂದೆ ನಮ್ಮ ಊರಿನ ಸಮಸ್ಯೆ. ಬೆಕ್ಕು ಊಟ ಆರಿಸುವುದು ಮೂಗಿನಿಂದ, ಬೆಚ್ಚಗಿದ್ದರೆ ವಾಸನೆ ಚೆನ್ನಾಗಿ ಏಳುತ್ತದೆ. ಕೊಡಗಿನ ಮಳೆಗಾಲದಲ್ಲಿ ಸ್ಟೀಲ್ ತಟ್ಟೆಗೆ ಹಾಕಿದ್ದು ನೋಡನೋಡುತ್ತಿದ್ದಂತೆ ತಣ್ಣಗಾಗುತ್ತದೆ. ಚಿಕ್ಕಿ ನಾಲ್ಕು ಸಲ ನೆಕ್ಕಿ ತಿರುಗಿ ನಿಲ್ಲುತ್ತಿತ್ತು. "ಇದಕ್ಕೆ ತಿನ್ನಲು ಬರೋದಿಲ್ಲ, ಬಾಟಲಿಯೇ ಕೊಡು" ಅಂದರು ಅತ್ತೆ. ತಿನ್ನಲು ಬರುತ್ತಿತ್ತು, ಊಟ ತಣ್ಣಗಿತ್ತು ಅಷ್ಟೇ. ದಪ್ಪ ಪಿಂಗಾಣಿ ಬಸಿಯನ್ನು ಬಿಸಿನೀರಿನ ತಟ್ಟೆಯ ಮೇಲೆ ಕೂರಿಸಿ ಕೊಟ್ಟೆ. ಬಚ್ಚಲ ಒಲೆಯ ಹಂಡೆಯಲ್ಲಿ ಹೇಗೂ ಯಾವಾಗಲೂ ಬಿಸಿನೀರು ಇರುತ್ತದೆ, ಕರೆಂಟ್ ಹೋದರೂ ಚಿಂತೆ ಇಲ್ಲ. ಮಣಿಕಟ್ಟಿನ ಒಳಭಾಗಕ್ಕೆ ಹಚ್ಚಿದರೆ ಹಿತವಾಗಿ ಬೆಚ್ಚಗೆ ಅನ್ನಿಸಬೇಕು, ಸುಮಾರು 38 ಡಿಗ್ರಿ. ಬಸಿ ಬದಲಾಯಿಸಿದ ಮೇಲೆ ಅದು ತಿರುಗಿ ನಿಲ್ಲುವುದು ಬಿಟ್ಟಿತು.

ಮರಿಯೂ ಬೆಚ್ಚಗಿರಬೇಕು. ಮೈ ತಣ್ಣಗಿರುವ ಮರಿಗೆ ಏನೂ ತಿನ್ನಿಸಬಾರದು, ಜೀರ್ಣ ಆಗುವುದಿಲ್ಲ. ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿ ರಟ್ಟಿನ ಡಬ್ಬದ ಒಂದೇ ಮೂಲೆಯಲ್ಲಿ ಇಟ್ಟಿದ್ದೆ. ಸೆಕೆಯಾದರೆ ಅದೇ ಆಚೆ ಹೋಗಲಿ ಅಂತ.

ಗಲೀಜು ಕೇಳಬೇಡಿ. ತಟ್ಟೆಯೊಳಗೆ ಕಾಲಿಟ್ಟು, ಮಧ್ಯದಲ್ಲಿ ಕೂತು, ಹೊಟ್ಟೆಯ ಕೂದಲಿಗೆಲ್ಲ ಮೆತ್ತಿಕೊಂಡು ಏಳುತ್ತಿತ್ತು. ಸ್ನಾನ ಮಾಡಿಸುವ ಹಾಗಿಲ್ಲ. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಉಜ್ಜಿ, ಪೂರ್ತಿ ಒಣಗಿದ ಮೇಲೆಯೇ ಡಬ್ಬಕ್ಕೆ ಬಿಡುತ್ತಿದ್ದೆ. ಒಣಗಿದ ಬಟ್ಟೆ ಸಿಗುವುದೇ ಇಲ್ಲಿ ಕಷ್ಟ, ಅಲ್ವಾ? ಒಲೆಯ ಮೇಲಿನ ಹಗ್ಗದಲ್ಲಿ ನಮ್ಮ ಸಾಕ್ಸ್ ಪಕ್ಕದಲ್ಲಿ ಚಿಕ್ಕಿಯ ಬಟ್ಟೆಗಳಿಗೂ ಜಾಗ ಮಾಡಿಕೊಟ್ಟೆವು.

ಬಾಟಲಿಯನ್ನು ಒಂದೇ ಸಲ ನಿಲ್ಲಿಸಲಿಲ್ಲ. ಮೊದಲು ತಟ್ಟೆ, ತಿಂದಷ್ಟು ತಿನ್ನಲಿ, ಕಡಿಮೆ ಬಿದ್ದದ್ದನ್ನು ಬಾಟಲಿಯಲ್ಲಿ ತುಂಬಿಸುವುದು. ಎಷ್ಟು ತಿಂತು ಅನ್ನುವುದನ್ನು ತಟ್ಟೆ ನೋಡಿ ಹೇಳಲಾಗದು, ಅರ್ಧ ಮೈಮೇಲೆ ಇರುತ್ತದಲ್ಲ. ಹೇಳುವುದು ತಕ್ಕಡಿ. ಏಲಕ್ಕಿ ತೂಗುವ ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ಪಾತ್ರೆ ಇಟ್ಟು, ಅದರಲ್ಲಿ ಮರಿಯನ್ನು ಕೂರಿಸಿ, ದಿನಾ ಬೆಳಿಗ್ಗೆ ಊಟಕ್ಕೆ ಮುಂಚೆ ತೂಗಿ ಬರೆದಿಡುತ್ತಿದ್ದೆ. ಈ ವಯಸ್ಸಿನ ಮರಿ ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಏರಿದರೆ ಮರುದಿನ ಬಾಟಲಿ ಹಾಲು ಸ್ವಲ್ಪ ಕಡಿಮೆ, ನಿಂತರೆ ಮತ್ತೆ ಜಾಸ್ತಿ. ಇಳಿದರೆ ಕಾಯಬಾರದು, ಡಾಕ್ಟರ ಹತ್ತಿರ ಓಡಬೇಕು. ಹಗಲಿನ ಬಾಟಲಿಗಳು ಸುಲಭವಾಗಿ ಹೋದವು. ಮಲಗುವ ಮುಂಚಿನದಕ್ಕೆ ಮಾತ್ರ ಚಿಕ್ಕಿ ಪಟ್ಟು ಹಿಡಿಯಿತು. ಅದು ಹಸಿವಲ್ಲ, ಅಭ್ಯಾಸ. ತಟ್ಟೆಯಲ್ಲಿ ಹೊಟ್ಟೆ ತುಂಬಿಸಿ, ಬೆಚ್ಚಗಿನ ಬಟ್ಟೆಯಲ್ಲಿ ಸುತ್ತಿ, ಗಲ್ಲ ಸವರುತ್ತಾ ಕೂತರೆ ಗೊರಗೊರ ಅನ್ನುತ್ತಾ ನಿದ್ದೆ ಹೋಗುತ್ತಿತ್ತು.

ಹಾಲು ಕಡಿಮೆಯಾದಂತೆ ಗಂಜಿಯನ್ನು ಗಟ್ಟಿ ಮಾಡುತ್ತಾ ಹೋದೆ. ತಗ್ಗಾದ ಬಟ್ಟಲಲ್ಲಿ ನೀರನ್ನೂ ಇಟ್ಟೆ. ಮಲ ಬಣ್ಣ ಬದಲಾಗಿ ಗಟ್ಟಿಯಾಗುತ್ತದೆ, ಅದು ಸರಿಯೇ. ನೀರಾಗಿ ಹೋದರೆ ಒಂದು ಹೆಜ್ಜೆ ಹಿಂದೆ ಬರಬೇಕು. ಜಂತುಹುಳುವಿನ ಔಷಧಿಯನ್ನು ತೂಕ ನೋಡಿ ಪಶು ಡಾಕ್ಟರೇ ಕೊಟ್ಟರು. ಮರಿ ಕಕ್ಕಸಿಗೆ ಹೋಗುವ ತಟ್ಟೆಗೆ ಒಣ ಮಣ್ಣು ಎಲ್ಲಿಂದ ತರುವುದು ಆ ಮಳೆಯಲ್ಲಿ? ಹರಿದ ಪೇಪರ್ ಹಾಕಿದೆ. ಗೋದಾಮಿನಲ್ಲಿ ಕಾಫಿ ಹೊಟ್ಟು ರಾಶಿ ಬಿದ್ದಿತ್ತು. ಮರಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಬೆಕ್ಕಿಗೆ ಕೆಫೀನ್ ವಿಷ, ಅದಕ್ಕೆ ಮುಟ್ಟಲಿಲ್ಲ.

ಅತ್ತೆಯದು ಇನ್ನೊಂದು ವಾದ: "ನಮ್ಮ ಕಾಲದಲ್ಲಿ ಹಾಲನ್ನ ಹಾಕಿಯೇ ಬೆಕ್ಕು ಸಾಕಿದ್ದು." ಹೌದು, ಆ ಬೆಕ್ಕುಗಳು ಅಟ್ಟದಲ್ಲಿ ಇಲಿ ಹಿಡಿದು ಮಾಂಸ ತಿನ್ನುತ್ತಿದ್ದವು. ಬೆಕ್ಕಿಗೆ ಬೇಕಾದ ಟಾರಿನ್ ಅನ್ನುವ ಪೋಷಕಾಂಶ ಮಾಂಸದಲ್ಲಿದೆ, ಅನ್ನದಲ್ಲಿ ಇಲ್ಲ. ಉಪ್ಪಿಲ್ಲದೆ ಬೇಯಿಸಿದ ಕೋಳಿಯನ್ನು ಎಳೆ ಬಿಡಿಸಿ, ಮರಿಗಳ ಊಟದ ಜೊತೆ ಸ್ವಲ್ಪ ಬೆರೆಸಿ ಕೊಟ್ಟೆ. ನಮ್ಮ ಅಡುಗೆ ಮಾತ್ರ ಕೊಡಲಿಲ್ಲ. ಏಡಿ ಸಾರು, ಪಂದಿ ಕರಿ, ಕಣಿಲೆ (ಎಳೆ ಬಿದಿರು) ಎಲ್ಲದರಲ್ಲೂ ಈರುಳ್ಳಿ ಬೆಳ್ಳುಳ್ಳಿ. ಎರಡೂ ಬೆಕ್ಕಿನ ರಕ್ತಕಣಗಳನ್ನು ಹಾಳು ಮಾಡುತ್ತವೆ. ನಮ್ಮ ಊಟದ ಹೊತ್ತಿಗೆ ಚಿಕ್ಕಿ ಡಬ್ಬದೊಳಗೆ.

ಬಾಟಲಿ ಪೂರ್ತಿ ಬಿಟ್ಟು, ಮೊದಲ ಲಸಿಕೆ ಹಾಕಿಸಿ, ಎರಡನೆಯದಕ್ಕೆ ಚೀಟಿ ಬರೆದುಕೊಟ್ಟು ಸುಂಟಿಕೊಪ್ಪದ ಒಂದು ಮನೆಗೆ ಕಳಿಸಿದೆವು. ಹೊರಡುವಾಗ ಆ ಮನೆಯ ಹುಡುಗಿ ಕೇಳಿದಳು, "ಆಂಟಿ, ದಿನಕ್ಕೆ ಎಷ್ಟು ಹಾಲು ಹಾಕಬೇಕು?"

"ಹಾಲು ಬೇಡಮ್ಮ, ನೀರಿಡು. ಊಟ ಸ್ವಲ್ಪ ಬೆಚ್ಚಗಿರಲಿ" ಅಂದೆ.