ಹಾಡುವವ ಯಾರನ್ನು ನೋಡುತ್ತಿದ್ದಾನೆ? ಆಲ್ಬಂ ಸಾಂಗ್ ಶೂಟ್ ಮಾಡುವವರಿಗೆ

ನಾಲ್ಕು ವರ್ಷದ ಹಿಂದೆ ಒಂದು ಕೃಷ್ಣನ ಹಾಡಿಗೆ ವೀಡಿಯೋ ಮಾಡಿದ್ದೆ. ಹಾಡಿದ ಹುಡುಗನ ಕಂಠ ಚೆನ್ನಾಗಿತ್ತು. ಪಂಚೆ ಉಟ್ಟು, ಹಣೆಗೆ ಗಂಧ ಹಚ್ಚಿ, ಕ್ಯಾಮರಾಕ್ಕೇ ಬೆರಳು ತೋರಿಸಿ ತೋರಿಸಿ ಹಾಡಿದ. ನಾನೂ ಗಿಂಬಲ್ (ಕ್ಯಾಮರಾ ಅಲುಗದಂತೆ ಹಿಡಿಯುವ ಸಾಧನ) ಹಿಡಿದು ಅವನ ಸುತ್ತ ಗಿರಗಿರ ಸುತ್ತಿದೆ. ಎಡಿಟ್ ಮುಗಿಸಿ ಮನೆಯ ಟಿವಿಗೆ ಹಾಕಿದೆ. ಅಜ್ಜಿ ಎರಡು ನಿಮಿಷ ನೋಡಿ ಕೇಳಿದರು, "ಅವ ನನಗೆ ಯಾಕೆ ಬೈಯುವುದು?"

ಅಜ್ಜಿಗೆ ಕಿವಿ ಅಷ್ಟಾಗಿ ಕೇಳುವುದಿಲ್ಲ. ಅವರು ನೋಡಿದ್ದು ಬರೀ ಚಿತ್ರ. ಆ ಚಿತ್ರದಲ್ಲಿ ಇದ್ದದ್ದು ಜಗಳ. ರ‍್ಯಾಪ್ ಹಾಡಿಗೆ ಹಾಕುವ ಶಾಟ್‌ಗಳನ್ನೆಲ್ಲ ತಂದು ನಾನು ಭಜನೆಗೆ ತೊಡಿಸಿದ್ದೆ.

ನಾನು ಉಡುಪಿ ಕಡೆಯವ. ಮದುವೆ, ಮೆಹಂದಿ, ಗೃಹಪ್ರವೇಶದ ವೀಡಿಯೋ ನನ್ನ ಹೊಟ್ಟೆಪಾಡು. ನಡುವೆ ತುಳು, ಕನ್ನಡ, ಕೊಂಕಣಿ ಆಲ್ಬಂ ಸಾಂಗ್‌ಗಳು ಬರುತ್ತವೆ. ಆವತ್ತಿನಿಂದ ಯಾರೇ ಹಾಡು ತಂದರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಈ ಹಾಡನ್ನು ಯಾರಿಗೆ ಹಾಡುವುದು? ದೇವರಿಗಾ, ಹುಡುಗಿಗಾ, ಬೀದಿಗಾ, ಇಲ್ಲ ಸುಮ್ನೆ ನಿಮ್ಮಷ್ಟಕ್ಕೇ ಹಾಡಿಕೊಳ್ಳುವುದಾ? ಅದು ಗೊತ್ತಾದರೆ ಕಣ್ಣು ಎತ್ತ ನೋಡಬೇಕು ಎಂದು ಗೊತ್ತಾಗುತ್ತದೆ. ಕಣ್ಣು ಗೊತ್ತಾದರೆ ಕ್ಯಾಮರಾ ಎಲ್ಲಿ ನಿಲ್ಲಬೇಕು ಎನ್ನುವುದೂ ಗೊತ್ತಾಗುತ್ತದೆ. ಲೈಟು, ಬಣ್ಣ, ಕಟ್ ಎಲ್ಲ ಅದರ ಹಿಂದೆ ಬರುತ್ತವೆ.

ಭಕ್ತಿಗೀತೆಯಿಂದಲೇ ಶುರು ಮಾಡುತ್ತೇನೆ, ಪೆಟ್ಟು ತಿಂದದ್ದು ಅಲ್ಲೇ ಅಲ್ವಾ. ಹಾಡುವವನು ದೇವರನ್ನು ನೋಡಬೇಕು, ನಮ್ಮನ್ನಲ್ಲ. ಹಾಗಾಗಿ ಕ್ಯಾಮರಾ ಬದಿಗೆ ಸರಿಯಬೇಕು. ಉಡುಪಿಯಲ್ಲಿ ಇದ್ದವರಿಗೆ ಇದನ್ನು ಕಲಿಸಲು ಕನಕನ ಕಿಂಡಿಯೇ ಸಾಕು. ಅಲ್ಲಿ ನಿಂತವರನ್ನು ಒಮ್ಮೆ ಗಮನಿಸಿ. ಎಲ್ಲರೂ ಆ ಕಿಂಡಿಗೆ ಕಣ್ಣಿಟ್ಟು ನಿಂತಿರುತ್ತಾರೆ. ನಮಗೆ ಕಾಣುವುದು ಅವರ ಹಿಂದಲೆ, ಮುಗಿದ ಕೈ, ಒಂದು ಕೆನ್ನೆ. ಆಚೆ ಎಲ್ಲೋ ದೀಪದ ಹಳದಿ ಬೆಳಕು. ಭಕ್ತಿಗೀತೆಗೆ ಬೇಕಾದ ಶಾಟ್ ಅದೇ. ಎದುರಿಗೆ ಒಂದು ಅಡ್ಡ ಇಟ್ಟುಕೊಳ್ಳಿ: ಕಂಬ, ತೂಗುದೀಪ, ಹೂವಿನ ಮಾಲೆ, ಯಾವುದಾದರೂ ಆಗುತ್ತದೆ. ಅದರ ಸಂದಿಯಿಂದ ಇಣುಕಿ ನೋಡಿದ ಹಾಗೆ ತೆಗೆಯಿರಿ. ಒಂದು ಶಾಟ್ ಕರಗಿ ಇನ್ನೊಂದು ಮೂಡುವ ಡಿಸಾಲ್ವನ್ನು ಮೆಲ್ಲಗೆ ಹಾಕಿದರೂ ಇಲ್ಲಿ ಹಳೆಯದು ಅನಿಸುವುದಿಲ್ಲ. ದೀಪದ ಬೆಳಕಿಗೆ ಕ್ಯಾಮರಾವನ್ನು ಆಟೋ ವೈಟ್ ಬ್ಯಾಲೆನ್ಸ್‌ನಲ್ಲಿ, ಅಂದರೆ ಬಣ್ಣವನ್ನು ತಾನೇ ಸರಿಮಾಡಿಕೊಳ್ಳುವ ಹಾಗೆ, ಬಿಡಬೇಡಿ. ಅದು ಆ ಚಿನ್ನದ ಬಣ್ಣವನ್ನು ತೊಳೆದು ಟ್ಯೂಬ್‌ಲೈಟ್ ಮಾಡಿಬಿಡುತ್ತದೆ. ಕೈಯಲ್ಲಿ ಸೆಟ್ ಮಾಡಿ, ಸ್ವಲ್ಪ ಹಳದಿಯೇ ಉಳಿಯಲಿ.

ದೇವಸ್ಥಾನದ ಒಳಗೆ ಕ್ಯಾಮರಾ ಎಂದರೆ ಮೊದಲು ಆಡಳಿತದವರ ಒಪ್ಪಿಗೆ, ಅದೂ ಬರಹದಲ್ಲಿ. ಸಿಗದಿದ್ದರೆ ಬೇಸರ ಬೇಡ. ರಥಬೀದಿಯಲ್ಲಿ ಬೆಳಿಗ್ಗೆ ಆರಕ್ಕೆ ಮಠಗಳ ಜಗಲಿಯ ಮೇಲೆ ಬೀಳುವ ಬೆಳಕನ್ನು ಯಾವ ಲೈಟೂ ಕೊಡುವುದಿಲ್ಲ. ಎಂಟರ ಮೇಲೆ ಜನ ಜಾಸ್ತಿಯಾಗುತ್ತಾರೆ, ಆಮೇಲೆ ಹಾಡಿಗಿಂತ ಹೆಚ್ಚು ಹೊತ್ತು ಕಾಯುವ ಕೆಲಸ.

ರ‍್ಯಾಪ್ ಇದಕ್ಕೆ ಪೂರ್ತಿ ಉಲ್ಟಾ. ರ‍್ಯಾಪರ್ ನಿಮ್ಮ ಹತ್ತಿರವೇ ಮಾತಾಡುತ್ತಾನೆ. ಲೆನ್ಸ್ ಅಂದರೆ ನಿಮ್ಮ ಮುಖ. ಅದಕ್ಕೇ ಅವನು ಕೈ ಚಾಚುತ್ತಾನೆ, ಬಗ್ಗುತ್ತಾನೆ, ಲೆನ್ಸಿಗೆ ಹಣೆ ತಾಗುವಷ್ಟು ಹತ್ತಿರ ಬರುತ್ತಾನೆ. 90ರ ದಶಕದಲ್ಲಿ ಅಮೆರಿಕದ ನಿರ್ದೇಶಕ ಹೈಪ್ ವಿಲಿಯಮ್ಸ್ ಹಿಪ್‌ಹಾಪ್ ವೀಡಿಯೋಗಳಲ್ಲಿ ಫಿಶ್‌ಐ ಲೆನ್ಸನ್ನು ತುಂಬಾ ಬಳಸಿ ಹೆಸರು ಮಾಡಿದ. ಆ ಲೆನ್ಸಿನಲ್ಲಿ ಚಾಚಿದ ಕೈ ಮುಖಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಹಿಂದಿನ ಗೋಡೆ ಬಾಗುತ್ತದೆ. ನಮ್ಮ ಹತ್ತಿರ ಫಿಶ್‌ಐ ಇಲ್ಲದಿದ್ದರೆ ಅಗಲವಾಗಿ ಕಾಣುವ 16 ಎಂಎಂ ಲೆನ್ಸ್ ಸಾಕು. ಕ್ಯಾಮರಾ ಸೊಂಟದಿಂದ ಕೆಳಗಿರಲಿ, ಮೇಲಕ್ಕೆ ನೋಡಲಿ. ಗೆಳೆಯರ ಗುಂಪು ಹಿಂದೆ ನಿಲ್ಲಲಿ. ಅವರು ಬರೀ ಹಿನ್ನೆಲೆ ಅಲ್ಲ, 'ಇದು ನನ್ನ ಊರು' ಎನ್ನುವ ಮಾತಿಗೆ ಸಾಕ್ಷಿ.

ಇಲ್ಲಿ ಒಂದು ತಕರಾರು ಉಂಟು ನನಗೆ. ಹುಡುಗರು ಬಾಡಿಗೆ ಕಾರು, ಚಿನ್ನದ ಬಣ್ಣದ ಚೈನು, ಹೊಗೆ ಬಿಡುವ ಮೆಷಿನ್ ಎಲ್ಲ ತರುತ್ತಾರೆ. ಹಾಡಿನಲ್ಲಿ ಮಾತ್ರ ಬಂದರಿನ ಬದುಕು. ಮಾರಾಯ, ಬಂದರಿನ ಹಾಡಾದರೆ ಬಂದರಿಗೇ ಹೋಗು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ಸಾಲಾಗಿ ನಿಂತಿರುತ್ತವೆ. ಮೇಲೆ ಮಳೆಮೋಡ, ಕೆಳಗೆ ನೀಲಿ ಕೆಂಪು ಹಸಿರು ಬಣ್ಣದ ಬೋಟು, ಬಲೆಯ ರಾಶಿ. ಇಂಥ ಸೆಟ್ ಹಾಕಲು ಲಕ್ಷ ಸಾಲದು. ಬೋಟಿನವರ ಹತ್ತಿರ ಒಂದು ಮಾತು ಕೇಳಿ, ಮತ್ತೆ ಕ್ಯಾಮರಾಕ್ಕೆ ಮಳೆ ಕವರ್ ಮರೆಯಬೇಡಿ.

ಪ್ರೇಮಗೀತೆಯಲ್ಲಿ ಕಣ್ಣು ಲೆನ್ಸ್ ಬಿಟ್ಟು ಪಕ್ಕಕ್ಕೆ ಹೋಗುತ್ತದೆ. ಹುಡುಗಿ ಫ್ರೇಮಿನಲ್ಲಿ ಇಲ್ಲದಿದ್ದರೂ ಆ ಕಡೆ ಇದ್ದಾಳೆ ಎಂದು ನೋಡುವವರು ನಂಬುತ್ತಾರೆ. ಎಲ್ಲರೂ ಬೀಚಿಗೆ ಓಡುವುದು ಇಂಥ ಹಾಡಿಗೇ. ನಮ್ಮ ಕಡಲು ಇರುವುದು ಪಡುವಣಕ್ಕೆ, ಇದನ್ನು ಎಷ್ಟೋ ಜನ ಶೂಟಿನ ದಿನ ಮರೆಯುತ್ತಾರೆ. ಸಂಜೆ ಕಡಲಿಗೆ ಬೆನ್ನು ಹಾಕಿ ನಿಲ್ಲಿಸಿದರೆ ಮುಖ ಕಪ್ಪು. ವಿರಹದ ಹಾಡಿಗೆ ಆ ಕಪ್ಪು ಚಂದ, ಬರೀ ಆಕೃತಿ ಸಾಕು. ಮುಖ ಬೇಕಿದ್ದರೆ ಅವರನ್ನು ಕಡಲಿನ ಕಡೆ ತಿರುಗಿಸಿ. ಆಗ ಹಿನ್ನೆಲೆಗೆ ಅಲೆ ಸಿಗುವುದಿಲ್ಲ, ಗಾಳಿಮರ ಸಿಗುತ್ತದೆ. ಮುಖವೂ ಬೇಕು, ಅಲೆಯೂ ಬೇಕು ಎಂದರೆ ಬೆಳಿಗ್ಗೆ ಬನ್ನಿ. ಸೂರ್ಯ ತೆಂಗಿನ ತೋಟದ ಕಡೆಯಿಂದ ಏರಿ ನೇರ ಮುಖಕ್ಕೆ ಬೆಳಕು ಕೊಡುತ್ತಾನೆ, ಹಿಂದೆ ಕಡಲು ನೀಲಿಯಾಗಿಯೇ ಇರುತ್ತದೆ. ಕಾಪು ದೀಪಸ್ತಂಭದ ಬಂಡೆ ಆಗಲಿ, ಪಣಂಬೂರು ಆಗಲಿ, ಲೆಕ್ಕ ಒಂದೇ. ಸೇಂಟ್ ಮೇರೀಸ್ ದ್ವೀಪದ ಕಂಬಕಂಬದ ಕಲ್ಲುಗಳು ಇನ್ನೂ ಚಂದ. ಆದರೆ ಮಳೆಗಾಲದಲ್ಲಿ ಮಲ್ಪೆಯಿಂದ ಅಲ್ಲಿಗೆ ಬೋಟು ಇಲ್ಲ, ಬೇರೆ ದಿನಗಳಲ್ಲೂ ಶೂಟಿಗೆ ಒಪ್ಪಿಗೆ ಮೊದಲೇ ಕೇಳಬೇಕು.

ಎಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸಿಗೆ ಮಂಜು ಹಿಡಿಯುತ್ತದೆ, ನಮ್ಮ ಕರಾವಳಿಯ ಹವೆಯೇ ಹಾಗೆ. ಬಟ್ಟೆಯಲ್ಲಿ ಉಜ್ಜಿದರೆ ಮತ್ತೆ ಹಿಡಿಯುತ್ತದೆ. ಬ್ಯಾಗಿನಲ್ಲೇ ಇಟ್ಟು ಹದಿನೈದು ಇಪ್ಪತ್ತು ನಿಮಿಷ ಬಿಡಿ. ಅಷ್ಟರಲ್ಲಿ ಹಾಡುವವರು ಒಂದು ಬೊಂಡ (ಎಳನೀರು) ಕುಡಿಯಲಿ.

ಪ್ರೇಮಗೀತೆಗೆ ಸ್ಲೋ ಮೋಷನ್ ಬೇಕೇ ಬೇಕು ಅನ್ನುತ್ತಾರೆ. ಕೂದಲು ನಿಧಾನಕ್ಕೆ ಹಾರಬೇಕು, ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂರಬೇಕು. ಅದಕ್ಕೆ ಒಂದು ಹಳೆಯ ಉಪಾಯ ಇದೆ. ಹಾಡನ್ನು ಎರಡು ಪಟ್ಟು ವೇಗ ಮಾಡಿದ ಒಂದು ಫೈಲ್ ಮಾಡಿಕೊಳ್ಳಿ. ಕ್ಯಾಮರಾವನ್ನು ಸೆಕೆಂಡಿಗೆ 50 ಫ್ರೇಮಿಗೆ ಇಡಿ. ಆ ವೇಗದ ಹಾಡಿಗೆ ತುಟಿ ಆಡಿಸಲು ಹೇಳಿ. ಎಡಿಟಿಂಗ್‌ನಲ್ಲಿ 25 ಫ್ರೇಮಿನ ಟೈಮ್‌ಲೈನಿಗೆ ಅರ್ಧ ವೇಗದಲ್ಲಿ ಹಾಕಿದರೆ ತುಟಿ ಹಾಡಿಗೆ ಕೂರುತ್ತದೆ, ಕೂದಲು, ಸೀರೆ, ಅಲೆ ಎಲ್ಲ ತೇಲುತ್ತವೆ. ಶೂಟ್ ಮಾಡುವಾಗ ಮಾತ್ರ ನೋಡಲು ತಮಾಷೆ. ಕೋಳಿ ಕೊಕ್ಕಿದ ಹಾಗೆ ಹಾಡುತ್ತಿರುತ್ತಾರೆ, ಬೀಚಿಗೆ ಬಂದವರು ನಿಂತು ನಗುತ್ತಾರೆ. ಹಿಂದಿನ ರಾತ್ರಿ ಕನ್ನಡಿ ಎದುರು ಅಭ್ಯಾಸ ಮಾಡಿಕೊಂಡು ಬರಲು ಹೇಳಿ. ರ‍್ಯಾಪಿಗೆ ಇದು ಆಗುವುದಿಲ್ಲ, ನಾಲಿಗೆ ತಿರುಗುವುದಿಲ್ಲ.

ತುಟಿ ಆಡಿಸಲು ಹಾಡು ಹಾಕುವ ಸ್ಪೀಕರ್ ಹಾಡುವವರ ಹತ್ತಿರವೇ ಇರಲಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೀವು ಡ್ರೋನ್ ಶಾಟಿಗೆಂದು ಸ್ಪೀಕರನ್ನು 34 ಮೀಟರ್ ದೂರ ಇಟ್ಟರೆ ಅವರಿಗೆ ಹಾಡು ಸೆಕೆಂಡಿನ ಹತ್ತನೇ ಒಂದು ಪಾಲು ತಡವಾಗಿ ಕೇಳುತ್ತದೆ. 25 ಫ್ರೇಮಿನಲ್ಲಿ ಅದು ಎರಡೂವರೆ ಫ್ರೇಮ್. ಅಷ್ಟು ತಪ್ಪಿದರೆ ಕಣ್ಣಿಗೆ ಗೊತ್ತಾಗುತ್ತದೆ. ಡ್ರೋನ್ ಹಾರಿಸುವ ಮೊದಲು ಡಿಜಿಟಲ್ ಸ್ಕೈ ಮ್ಯಾಪ್ (ಎಲ್ಲಿ ಡ್ರೋನ್ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ನಕ್ಷೆ) ನೋಡಿ. ಬಜ್ಪೆಯಲ್ಲಿ ಏರ್‌ಪೋರ್ಟ್, ಪಣಂಬೂರಿನಲ್ಲಿ ಬಂದರು. ಮಂಗಳೂರಿನಲ್ಲಿ ಸುಮ್ನೆ ಮೇಲೆ ಬಿಡುವ ಹಾಗಿಲ್ಲ.

ಟ್ರ್ಯಾಕಿನ ವಿಷಯದಲ್ಲಿ ನನ್ನ ಗೋಳು ಒಂದಿದೆ. ಒಮ್ಮೆ ರೆಕಾರ್ಡಿಂಗ್ ಸ್ಟುಡಿಯೋದವರು ಕೊಟ್ಟ ರಫ್ ಟ್ರ್ಯಾಕಿಗೆ ಇಡೀ ದಿನ ಶೂಟ್ ಮಾಡಿದೆ. ಟೆಂಪೋ ನಿಮಿಷಕ್ಕೆ 96 ಬೀಟ್. ಫೈನಲ್ ಮಿಕ್ಸ್ ಬಂದಾಗ 98. ಯಾರೂ ಒಂದು ಮಾತು ಹೇಳಿರಲಿಲ್ಲ. ಪಲ್ಲವಿಯಲ್ಲಿ ಎಲ್ಲ ಸರಿ ಇತ್ತು, ನಾಲ್ಕು ನಿಮಿಷದ ಹಾಡು ಮುಗಿಯುವಾಗ ಹತ್ತಿರಹತ್ತಿರ ಐದು ಸೆಕೆಂಡ್ ವ್ಯತ್ಯಾಸ. ಎರಡು ರಾತ್ರಿ ಸಾಲುಸಾಲಾಗಿ ತುಂಡು ಮಾಡಿ ಜೋಡಿಸಿದೆ. ಈಗ ಫೈನಲ್ ಮಿಕ್ಸ್ ಕೈಗೆ ಬರದೆ ಕ್ಯಾಮರಾ ಬ್ಯಾಗ್ ತೆರೆಯುವುದಿಲ್ಲ.

ಇನ್ನು ಹುಲಿವೇಷದ ಹಾಡು. ಅಷ್ಟಮಿ, ಮಾರ್ನೆಮಿ (ನವರಾತ್ರಿ) ಹತ್ತಿರ ಬಂತೆಂದರೆ ಎಲ್ಲರಿಗೂ ಒಂದೊಂದು ಬೇಕು. ಇದನ್ನು ಹಾಡುವುದು ಯಾರಿಗೆ? ನನಗೆ ಅನಿಸುವುದು ತಾಸೆಗೆ, ಅಂದರೆ ಹುಲಿ ಕುಣಿಯುವಾಗ ಬಾರಿಸುವ ಚರ್ಮವಾದ್ಯಕ್ಕೆ. ಹುಲಿ ನೋಡುವುದು ಜನರನ್ನಲ್ಲ, ಕೇಳುವುದು ತಾಸೆಯ ಪೆಟ್ಟನ್ನು. ಹಾಗಾಗಿ ಕಟ್ ಕೂಡ ತಾಸೆಗೇ. ಟೆಂಪೋ 100 ಇದ್ದರೆ ಒಂದು ಬೀಟಿಗೆ 0.6 ಸೆಕೆಂಡ್, ಅಂದರೆ 25 ಫ್ರೇಮಿನಲ್ಲಿ ಸರಿಯಾಗಿ 15 ಫ್ರೇಮ್. ಮೊದಲು ಟೈಮ್‌ಲೈನ್ ತುಂಬ ಮಾರ್ಕರ್ ಹಾಕಿಕೊಳ್ಳಿ. ನಾನು ಬೀಟಿಗಿಂತ ಒಂದೆರಡು ಫ್ರೇಮ್ ಮೊದಲೇ ಕಟ್ ಮಾಡುತ್ತೇನೆ. ಆಗ ಪೆಟ್ಟು ಬೀಳುವ ಹೊತ್ತಿಗೆ ಕಣ್ಣು ಹೊಸ ಶಾಟಿಗೆ ಒಗ್ಗಿರುತ್ತದೆ. ಆದರೆ ಎಲ್ಲ ಬೀಟಿಗೂ ಕತ್ತರಿಸಿದರೆ ತಲೆ ತಿರುಗುತ್ತದೆ. ಅಕ್ಕಿಮುಡಿಯನ್ನು (ಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ) ಹಲ್ಲಿನಲ್ಲಿ ಕಚ್ಚಿ ಎತ್ತಿ ಹಿಂದಕ್ಕೆ ಎಸೆಯುವಾಗ ಕಟ್ ಮಾಡಲೇಬೇಡಿ. ಕಟ್ ಮಾಡಿದರೆ 'ಇದೆಲ್ಲ ಎಡಿಟಿಂಗ್' ಅನ್ನುತ್ತಾರೆ, ಪಾಪ ಅವನ ಕುತ್ತಿಗೆಯ ಕಷ್ಟ ನೀರಿಗೆ ಹೋಗುತ್ತದೆ. ಸ್ಲೋ ಮೋಷನ್ ಕೂಡ ಇಲ್ಲಿ ಬೇಡ, ಹೆಜ್ಜೆ ನಿಧಾನವಾದರೆ ತಾಸೆಗೂ ಅದಕ್ಕೂ ಸಂಬಂಧವೇ ಇಲ್ಲ ಅನಿಸುತ್ತದೆ. ಬಿಸಿಲಿನಲ್ಲಿ ಮೈಯ ಬಣ್ಣ ಎಣ್ಣೆಯ ಹಾಗೆ ಹೊಳೆದು ಪಟ್ಟೆಗಳೇ ಅಳಿಸಿಹೋಗುತ್ತವೆ. ಪೋಲರೈಸರ್ ಫಿಲ್ಟರ್ ಹಾಕಿ ತಿರುಗಿಸಿದರೆ ಹಳದಿ, ಕಪ್ಪು ವಾಪಸ್ ಬರುತ್ತವೆ.

ಯಕ್ಷಗಾನದ ಪದ್ಯವನ್ನು ಇಟ್ಟು ಹೊಸದಾಗಿ ಹಾಡು ಮಾಡುವವರಿಗೂ ಇದೇ ಮಾತು. ದಿಗಿಣ (ಹಾರಿ ತಿರುಗುವ ಕುಣಿತ) ಹೊಡೆಯುವಾಗ ಕಿರೀಟದಿಂದ ಗೆಜ್ಜೆಯವರೆಗೆ ಫ್ರೇಮಿನಲ್ಲಿರಲಿ. ಕಾಲು ಕತ್ತರಿಸಿ ಮುಖದ ಕ್ಲೋಸಪ್ ಹಾಕಿದರೆ ಹಳೆಯ ಪ್ರೇಕ್ಷಕರು ಬಿಡುವುದಿಲ್ಲ. ದೈವದ ವೇಷ ಕಟ್ಟಿಸಿ ಹಾಡಿಗೆ ಕುಣಿಸುವ ಐಡಿಯಾ ಹಿಡಿದುಕೊಂಡು ಯಾರಾದರೂ ಬಂದರೆ ನಾನು ಆ ಕೆಲಸ ಹಿಡಿಯುವುದಿಲ್ಲ. ದೈವ ಕಲೆಯಲ್ಲ, ನಂಬಿಕೆ. ಅಷ್ಟೇ.

ರಾಕ್, ಮೆಟಲ್ ಹುಡುಗರು ಇಲ್ಲಿ ಕಡಿಮೆ, ಬಂದರೆ ನನಗೆ ಖುಷಿ. ಅವರು ಯಾರನ್ನೂ ನೋಡುವುದಿಲ್ಲ, ತಲೆ ತಗ್ಗಿಸಿ ಗಿಟಾರ್ ಬಾರಿಸುತ್ತಾರೆ. ಬಣ್ಣ ಇಳಿಸಿ, ಹಿಂದಿನಿಂದ ಬಿಳಿ ಲೈಟು ಕೊಡಿ, ಸ್ವಲ್ಪ ಹೊಗೆ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನವರು ಶುರು ಮಾಡಿದ ಹೆಂಚಿನ ಉದ್ಯಮದಿಂದ ನಮಗೆ ಉಳಿದ ಒಂದು ಲಾಭ ಎಂದರೆ ಹೊಳೆ ಬದಿಯ ಹಳೆ ಫ್ಯಾಕ್ಟರಿಗಳು. ಚಿಮಣಿ, ಮಸಿ ಹಿಡಿದ ಗೋಡೆ, ಮುರಿದ ಮಾಡಿನಿಂದ ಬೀಳುವ ಬಿಸಿಲು. ಮಾಲೀಕರನ್ನು ಕೇಳಿ ಒಳಗೆ ಹೋಗಿ, ಮೇಲೆ ನೋಡಿಕೊಂಡು ನಡೆಯಿರಿ. ಎಲ್‌ಇಡಿ ಲೈಟಿನಡಿ ಚಿತ್ರ ಮಿನುಗುತ್ತಿದ್ದರೆ ಶಟರ್ ವೇಗವನ್ನು ಸೆಕೆಂಡಿನ 1/50 ಅಥವಾ 1/100ಕ್ಕೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್‌ನದ್ದು.

ಕೊಂಕಣಿ ಕ್ರೈಸ್ತರ ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರದ ಹಾಡುಗಳನ್ನು ಒಬ್ಬರು ಹಾಡುವುದಲ್ಲ, ಮನೆಯೇ ಹಾಡುವುದು. ಕ್ಯಾಮರಾ ಕುರ್ಚಿಯಲ್ಲಿ ಕೂತ ನೆಂಟರ ಎತ್ತರದಲ್ಲಿರಲಿ, ಹೆಗಲುಗಳ ನಡುವಿನಿಂದ ನೋಡಲಿ. ಮದುವೆ ವೀಡಿಯೋ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಬಜೆಟ್ಟೇ ಇಲ್ಲದವರಿಗೆ ಲಿರಿಕ್ ವೀಡಿಯೋ, ಹಾಡಿನ ಸಾಲುಗಳೇ ಪರದೆ ಮೇಲೆ ಬರುವಂಥದ್ದು. ಅದರಲ್ಲಿ ನಮ್ಮ ಅಕ್ಷರಗಳದ್ದೇ ತಲೆನೋವು. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ ಕನ್ನಡ ಒತ್ತಕ್ಷರ ಒಡೆದು ಚೆಲ್ಲಾಪಿಲ್ಲಿಯಾದರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್‌ಗೆ ಹೋಗಿ, ಟೆಕ್ಸ್ಟ್ ಎಂಜಿನ್ ಸೌತ್ ಏಷಿಯನ್ ಇರುವುದಕ್ಕೆ ಬದಲಿಸಿ, ಯೂನಿಕೋಡ್ ಫಾಂಟ್ ಬಳಸಿ.

ಎಲ್ಲ ಮುಗಿದ ಮೇಲೆ ಸೌಂಡ್ ಪೂರ್ತಿ ತೆಗೆದು, ಹಾಡು ಗೊತ್ತಿಲ್ಲದ ಒಬ್ಬರಿಗೆ ತೋರಿಸಿ. ಇದು ಯಾವ ಹಾಡು ಇರಬಹುದು ಎಂದು ಕೇಳಿ. ಆ ಕೃಷ್ಣನ ಹಾಡನ್ನು ನಾನು ನನ್ನ ಖರ್ಚಿನಲ್ಲೇ ಇನ್ನೊಂದು ಬೆಳಿಗ್ಗೆ ಶೂಟ್ ಮಾಡಿದೆ. ಹುಡುಗ ಈ ಸಲ ದೀಪವನ್ನು ನೋಡಿ ಹಾಡಿದ, ನಾನು ಕಂಬದ ಹಿಂದೆ ಕೂತೆ. ಅಜ್ಜಿ ಎರಡನೇ ಚರಣದ ಹೊತ್ತಿಗೆ ಕೈ ಮುಗಿದರು. ಮುಗಿದ ಮೇಲೆ ಹೇಳಿದರು, "ಹಾಡು ಒಳ್ಳೆದುಂಟು. ಆ ಹುಡುಗನ ಪಂಚೆಗೆ ಇಸ್ತ್ರಿ ಹಾಕ್ಲಿಕ್ಕೆ ಆಗ್ಲಿಲ್ವಾ ನಿನಗೆ?"